ಪದ ಬೇಕು (ತುರ್ತು): ಕಾಯಿಲೆ ಬರುವ ಮೊದಲೇ ನುಂಗುವ ಮಾತ್ರೆಗೆ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ. ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ಕೊಡುವ ಕರಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಂಜೆ 5ಕ್ಕೆ ಪ್ರೆಸ್ಸಿಗೆ ಹೋಗಬೇಕು. ನ್ಯುಮೋಸಿಸ್ಟಿಸ್ ಎಂಬ ಫಂಗಸ್‌ನಿಂದ ಶ್ವಾಸಕೋಶಕ್ಕೆ ನ್ಯುಮೋನಿಯಾ ಬಾರದಿರಲೆಂದು ತಿಂಗಳುಗಟ್ಟಲೆ ಕೋಟ್ರೈಮಾಕ್ಸಜೋಲ್ ಮಾತ್ರೆ ಕೊಡುತ್ತಾರಲ್ಲ, ಆ ಪ್ರೊಫಿಲ್ಯಾಕ್ಸಿಸ್‌ಗೆ 'ರೋಗನಿರೋಧಕ ಶಿಲೀಂಧ್ರನಾಶಕ ಚಿಕಿತ್ಸೆ' ಎಂದು ಹಾಕಿದ್ದೇನೆ. ಸಮಾಧಾನವಿಲ್ಲ.

———

ಶಿಲೀಂಧ್ರ ಯಾಕೆ ಬೇಕು? ಸಂಸ್ಕೃತದಲ್ಲಿ ಅದು ಅಣಬೆ. ಉಪ್ಪಿನಕಾಯಿ ಜಾಡಿಯಲ್ಲಿ, ಮಳೆಗಾಲದ ಚಪ್ಪಲಿಯ ಮೇಲೆ ಕಾಣುವುದು ಬೂಷ್ಟು. 'ಬೂಷ್ಟುರೋಗ' ಅನ್ನಿ. 2021ರಲ್ಲಿ ಪತ್ರಿಕೆಗಳು 'ಕಪ್ಪು ಶಿಲೀಂಧ್ರ' ಎಂದು ಬರೆದವು, ಜನ ಬ್ಲ್ಯಾಕ್ ಫಂಗಸ್ ಎಂದೇ ಅಂದರು. ನಾಲಿಗೆಗೆ ಹತ್ತದ ಪದ ಕೊಟ್ಟರೆ ಹೀಗೇ ಆಗುವುದು.

———

ಬೂಷ್ಟು ಸಲ್ಲದು. ಆಸ್ಪರ್ಜಿಲಸ್ ಎಂಬ ಫಂಗಸ್‌ಗಾದರೆ ಒಪ್ಪೀತು, ಅದು ಮುಗ್ಗಿದ ಹುಲ್ಲಿನಲ್ಲಿ, ಗೋಡೆ ಒಡೆದ ಧೂಳಿನಲ್ಲಿ ಇರುವಂಥದ್ದೇ. ನ್ಯುಮೋಸಿಸ್ಟಿಸ್ ಮನುಷ್ಯರಿಂದ ಮನುಷ್ಯರಿಗೆ ಗಾಳಿಯಲ್ಲಿ ಹರಡುತ್ತದೆ. 1988ರಲ್ಲಿ ಆರ್‌ಎನ್‌ಎ ಹೋಲಿಸಿ ನೋಡುವವರೆಗೆ ಅದನ್ನು ಪ್ರೋಟೊಜೋವಾ (ಏಕಕೋಶ ಜೀವಿ) ಎಂದೇ ಎಣಿಸಿದ್ದರು.

ಶಿಲೀಂಧ್ರನಾಶಕವಂತೂ ಪೂರ್ತಿ ತಪ್ಪು, ಈಗಲೇ ಹೊಡೆದುಹಾಕಿ. ಮಲೆನಾಡಿನವರಿಗೆ ಅದು ಅಡಿಕೆಗೊನೆಗೆ ಹೊಡೆಯುವ ಬೋರ್ಡೋ ದ್ರಾವಣ. ಬೇರೆ ಫಂಗಸ್‌ಗಳ ಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ಈ ಜೀವಿಯ ಪೊರೆಯಲ್ಲಿ ಇಲ್ಲದ್ದರಿಂದ, ಅದಕ್ಕೇ ಗುರಿಯಿಡುವ ಫ್ಲುಕೊನಜೋಲ್ ಎಂಬ ಫಂಗಸ್ ಔಷಧ ಇದಕ್ಕೆ ನಾಟುವುದೂ ಇಲ್ಲ. ಕೋಟ್ರೈಮಾಕ್ಸಜೋಲ್ ಮೂಲತಃ ಬ್ಯಾಕ್ಟೀರಿಯಾಕ್ಕೆ ಕೊಡುವ ಸಲ್ಫಾ ಮಾತ್ರೆ.

ಅದಕ್ಕಿಂತ ಅಪಾಯದ್ದು 'ರೋಗನಿರೋಧಕ'. ಕಸಿ ಮಾಡಿದ ಕಿಡ್ನಿಯನ್ನು ಮೈ ತಿರಸ್ಕರಿಸದಿರಲಿ ಎಂದು ರೋಗನಿರೋಧಕ ಶಕ್ತಿಯನ್ನು ಮದ್ದು ಕೊಟ್ಟೇ ತಗ್ಗಿಸಿರುತ್ತಾರೆ. ಈ ಮಾತ್ರೆಗೂ ಅದೇ ಹೆಸರಿಟ್ಟರೆ ಶಕ್ತಿ ಬರಿಸುವ ಮಾತ್ರೆ ಅಂತಲೇ ಓದಿಕೊಳ್ಳುತ್ತಾರೆ. ನಮ್ಮ ಅತ್ತಿಗೆ ಹಾಗೇ ಓದಿಕೊಂಡು, 'ಈಗ ಮೈಯಲ್ಲಿ ಶಕ್ತಿಯಿದೆಯಲ್ಲ' ಎಂದು ತಾವೇ ನಿಲ್ಲಿಸಿದರು. ಮೊದಲು ಕಫವಿಲ್ಲದ ಒಣಕೆಮ್ಮು. ಆಮೇಲೆ ದೇವರ ಮನೆಯಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದರು. ಮತ್ತೆ ಅದೇ ಔಷಧ, ದೊಡ್ಡ ಪ್ರಮಾಣದಲ್ಲಿ, 21 ದಿನ, ಜೊತೆಗೆ ಆಕ್ಸಿಜನ್ನು, ಸ್ಟೆರಾಯ್ಡು. ಚಿಕಿತ್ಸೆ ಅನ್ನಬೇಕಾದ್ದು ಇದಕ್ಕೆ. ಆದ್ದರಿಂದ ಹೀಗೆ ಬರೆಯಿರಿ: 'ನ್ಯುಮೋನಿಯಾ ಬಾರದಂತೆ ನುಂಗುವ ಮಾತ್ರೆ. ಹುಷಾರಾಗಿದ್ದರೂ ಡಾಕ್ಟರು ಹೇಳುವ ತನಕ ನಿಲ್ಲಿಸಬೇಡಿ.'

———

ಪದ ಕೇಳಿದವರಿಗೆ ವಾಕ್ಯ ಕೊಟ್ಟಿರಿ. ಹೀಗೆ ಕೈಚೆಲ್ಲಿಯೇ ಕನ್ನಡದಲ್ಲಿ ವೈದ್ಯ ಬರೆಯಲಾಗದು ಎಂಬ ಮಾತು ಹುಟ್ಟಿದ್ದು. ಪ್ರೊಫಿಲ್ಯಾಕ್ಸಿಸ್‌ನ ಗ್ರೀಕ್ ಬೇರಿನಲ್ಲಿರುವುದು ಕಾವಲು. ನಮ್ಮಲ್ಲಿ 'ಕಾಪು' ಇದೆ, 'ಕಾಪಾಡು' ಅನ್ನದ ಮನೆಯಿಲ್ಲ. 'ಕಾಪುಮಾತ್ರೆ' ಅನ್ನಲು ಏನಡ್ಡಿ?

———

ಕಾಪುಮಾತ್ರೆಗೆ ಅಡ್ಡಿಯಿಲ್ಲ, ಕೆಳಗೆ ಆ ವಾಕ್ಯ ಇರುವುದಾದರೆ. ಬೂಷ್ಟು ಮಾತ್ರ ಬೇಡ.

———

ಇಬ್ಬರಿಗೂ ವಂದನೆ. ತಲೆಬರಹಕ್ಕೆ ಕಾಪುಮಾತ್ರೆ, ಕೆಳಗೆ ಪೂರ್ತಿ ವಾಕ್ಯ. 'ನಿಲ್ಲಿಸಬೇಡಿ' ದಪ್ಪಕ್ಷರದಲ್ಲಿ. ರೋಗನಿರೋಧಕ, ಶಿಲೀಂಧ್ರನಾಶಕ ಎರಡನ್ನೂ ತೆಗೆದೆ. ಒಳಗೆ ಒಂದು ಕಡೆ 'ಫಂಗಸ್' ಉಳಿದಿದೆ, ವಾರ್ಡಿನಲ್ಲಿ ಎಲ್ಲರೂ ಅನ್ನುವುದು ಅದನ್ನೇ.

———

ಬೂಷ್ಟು ಬಿಟ್ಟು 'ಫಂಗಸ್' ಉಳಿಸಿದ್ದಕ್ಕೆ ನನ್ನ ಒಪ್ಪಿಗೆಯಿಲ್ಲ. ಎರಡನೇ ಮುದ್ರಣದ ಹೊತ್ತಿಗೆ ಮತ್ತೆ ಬರೆಯುತ್ತೇನೆ.