ಮೈಸೂರಿನ ‘ಷರತ್ತು’: ಗುತ್ತಿಗೆ ಎಂದರೆ ಸಾಕೆ?

ಪ್ರಶ್ನೆ: ಏಳನೆಯ ತರಗತಿಗೆ ಈಸ್ಟ್ ಇಂಡಿಯಾ ಕಂಪನಿ ಆಡಳಿತ ವಹಿಸಿಕೊಂಡ 1831ರ ಮೈಸೂರಿನ ಪಾಠ ಬರೆಯುವಾಗ ಅಮಲ್ದಾರರ (ತಾಲ್ಲೂಕಿನ ಕಂದಾಯ ಅಧಿಕಾರಿಗಳ) ‘ಷರತ್ತು’ ಪದ್ಧತಿ ತೊಡಕಾಗುತ್ತಿದೆ. ಮಕ್ಕಳಿಗೆ ಗೊತ್ತಿರುವುದು ‘ಷರತ್ತುಗಳು ಅನ್ವಯ’ ಎಂಬ ಜಾಹೀರಾತಿನ ಅರ್ಥ ಮಾತ್ರ. ‘ಗುತ್ತಿಗೆ’ ಎನ್ನಬಹುದೆ? ‘ಇಜಾರೆ’ಯೂ ಇದೂ ಒಂದೇ ಏನು?

ಉತ್ತರ: ಒಂದೇ ಅಲ್ಲ. ಎರಡೂ ಅರಬ್ಬಿ ಮೂಲದವು, ಸಾಮ್ಯ ಅಲ್ಲಿಗೆ ಮುಗಿಯಿತು. ಇಜಾರೆದಾರ ಗೊತ್ತುಪಡಿಸಿದ ಮೊತ್ತ ಕಟ್ಟಿ, ಮಿಕ್ಕಿದ್ದನ್ನು ತಾನೇ ಇಟ್ಟುಕೊಳ್ಳುತ್ತಾನೆ. ಷರತ್ತಿನಲ್ಲಿ ಮಿಕ್ಕಿದ್ದೂ ಸರ್ಕಾರಕ್ಕೆ, ಕಡಿಮೆ ಬಿದ್ದದ್ದು ಅಮಲ್ದಾರನ ತಲೆಗೆ. ಹಲಗೆಯ ಮೇಲೆ ಲೆಕ್ಕ ಹಾಕಿಸಿ: ಒಪ್ಪಿದ್ದು 10,000 ವರಹ ಎಂದಿರಲಿ. ವಸೂಲಿ 11,000 ಆದರೆ ಅವನಿಗೆ ಸೊನ್ನೆ, 8,000 ಆದರೆ 2,000 ಕೈಯಿಂದ. ‘ಹಾಗಾದರೆ ಯಾಕೆ ಒಪ್ಪಿದ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಒಪ್ಪದಿದ್ದರೆ ಅಮಲ್ದಾರಿ ಹುದ್ದೆ ಇನ್ನೊಬ್ಬನ ಪಾಲು. ಒಪ್ಪಿದವನು ನಷ್ಟವನ್ನು ರೈತನಿಂದ ಹಿಂಡುತ್ತಾನೆ. ಹೊಸ ತೆರಿಗೆ ಹಾಕಕೂಡದು, ರೈತರಿಂದ ದೂರು ಬರಕೂಡದು ಎಂಬ ಮಾತುಗಳೂ ಆ ಒಪ್ಪಂದದಲ್ಲಿದ್ದವು. ಅವು ಕಾಗದದಲ್ಲೇ ಉಳಿದವು. ‘ಗುತ್ತಿಗೆ’ ಎಂದುಬಿಟ್ಟರೆ ಇದಿಷ್ಟೂ ಮರೆಯಾಗುತ್ತದೆ. ‘ಷರತ್ತು’ ಪದವನ್ನೇ ಉಳಿಸಿ, ಪಕ್ಕದಲ್ಲಿ ‘ವಸೂಲಿಯ ಹೊಣೆಪತ್ರ’ ಎಂದು ಬರೆಯಿರಿ.

ಇನ್ನೊಂದು ಉತ್ತರ: ‘ನಗರದ ದಂಗೆ’ ಎಂಬ ತಲೆಬರಹವನ್ನೂ ತಿದ್ದಬೇಕು. ಮಕ್ಕಳು ಪಟ್ಟಣದ ಗಲಭೆ ಅಂದುಕೊಳ್ಳುತ್ತಾರೆ! ಅದು ಮಲೆನಾಡಿನ ನಗರ, ಹಳೆಯ ಬಿದನೂರು. 1763ರಲ್ಲಿ ಹೈದರನ ಹೆಸರು ಹೊತ್ತು ಹೈದರ್‌ನಗರವಾದ ಊರು. ‘ನಗರ ಸೀಮೆಯ ರೈತರ ದಂಗೆ’ ಎನ್ನಿ.

ಉತ್ತರಪತ್ರಿಕೆಗಳಲ್ಲಿ ಕಾಣುವ ದೊಡ್ಡ ತಪ್ಪು ‘ಪದಚ್ಯುತಿ’. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈತಪ್ಪಿದ್ದು ಆಡಳಿತ, ಪಟ್ಟವಲ್ಲ. ಕಂಪನಿಯೊಡನೆ ಆದ 1799ರ ಒಪ್ಪಂದದಂತೆ ವರ್ಷಕ್ಕೆ 1 ಲಕ್ಷ ವರಹ, ಜೊತೆಗೆ ನಿವ್ವಳ ಆದಾಯದ ಐದನೆಯ ಒಂದು ಪಾಲು ಅವರಿಗೆ ಸಲ್ಲಬೇಕಿತ್ತು. ‘ಕಂಪನಿಯವರು ಆಡಳಿತ ವಹಿಸಿಕೊಂಡರು’ ಎಂದರೆ ಸರಿ.

ಒಡೆಯರ ಆಡಳಿತದ ‘ಅವನತಿ’ ಎಂಬ ಮಾತಂತೂ ಕಂಪನಿಯ ಕಡೆಯ ವಾದ. ಆಡಳಿತ ವಹಿಸಿಕೊಳ್ಳಲು ನಿರ್ಧರಿಸಿದ ಗವರ್ನರ್ ಜನರಲ್ ಬೆಂಟಿಂಕನೇ ಆಮೇಲೆ ಆ ಬಗ್ಗೆ ಅನುಮಾನಪಟ್ಟಿದ್ದ. ‘ಬಿಕ್ಕಟ್ಟು’ ವಾಸಿ. ‘ಸುಧಾರಣೆ’ಯನ್ನು ಒಂಟಿಯಾಗಿ ಬಿಡಬೇಡಿ, ಏನು ಬದಲಾಯಿತೆಂದು ಹೇಳಿ: ಆರು ಫೌಜುದಾರಿಗಳ (ಹಳೆಯ ಆಡಳಿತ ಪ್ರಾಂತಗಳ) ಬದಲು ನಾಲ್ಕು ವಿಭಾಗಗಳು, ಕಮಿಷನರ್ ಕಬ್ಬನ್ ಕಾಲದಲ್ಲಿ (1834–61) ರದ್ದಾದ ನೂರಾರು ಚಿಲ್ಲರೆ ತೆರಿಗೆಗಳು.