ಘಟಪ್ರಭಾ ನೆರೆ: ಕಾಳಜಿ ಕೇಂದ್ರದಾಗ ಇಲಿಜ್ವರದ ಗುಳಿಗಿ ಹಂಚೋದು ಹೆಂಗ?

ಪ್ರಶ್ನೆ: ಮುಧೋಳ ಕಡೆ ಶಾಲ್ಯಾಗ ಕಾಳಜಿ ಕೇಂದ್ರ ಐತಿ. ವೈದ್ಯಾಧಿಕಾರಿಗಳು ಇಲಿಜ್ವರ ತಡೆಯೋ ಡಾಕ್ಸಿಸೈಕ್ಲಿನ್ ಗುಳಿಗಿ ಹಂಚಾಕ ಹೇಳ್ಯಾರ. ಒಂದ ಮೇಜು ಸಾಕೇನ್ರಿ?

ಉತ್ತರ 1: ಸಾಲೂದಿಲ್ರಿ. ಹೆಸರು ಬರಿಯಾಕ ಒಂದು, ವಿಚಾರಿಸಾಕ ಒಂದು, ಗುಳಿಗಿ ಕೊಡಾಕ ಒಂದು. ಪಾಳಿ ಉದ್ದ ಆಗೂದು ವಿಚಾರಿಸೋ ಮೇಜಿನ ಹತ್ರ. ಅಲ್ಲಿ ಇಬ್ಬರನ್ನ ಕೂಡಸ್ರಿ. ಬಸುರಿಯರು, 8 ವರ್ಷದೊಳಗಿನ ಮಕ್ಕಳು, ಮೊದಲ ಈ ಗುಳಿಗಿ ಒಗ್ಗದವರು ನೇರ ಡಾಕ್ಟರ್ ಹತ್ರ ಹೋಗಲಿ. ಜ್ವರ ಬಂದವರೂ ಅಷ್ಟ. ಇದು ತಡೆಯೋ ಡೋಸು, ಚಿಕಿತ್ಸಾ ಅಲ್ಲ. ನೆರೆ ನೀರಾಗ ಓಡಾಡೋ ದೊಡ್ಡವರಿಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ, ಅಂದ್ರ 100 ಮಿಲಿಗ್ರಾಂ ಗುಳಿಗಿ ಎರಡು.

ಉತ್ತರ 2: ಊಟದ ಪಾಳಿ ಮುಗದ ಮ್ಯಾಲ ಶುರು ಮಾಡ್ರಿ, ಖಾಲಿ ಹೊಟ್ಟೀಲೆ ವಾಂತಿ ಆಗತೈತಿ. ತುಂಬಿದ ಗ್ಲಾಸ್ ನೀರು ಕೊಟ್ಟು ಎದುರಿಗೇ ನುಂಗಸ್ರಿ. ಅರ್ಧ ತಾಸು ಮಲಗಬಾರದು. ಗುಳಿಗಿ ಅನ್ನನಾಳದಾಗ ಸಿಕ್ಕರ ಹುಣ್ಣಾಗತೈತಿ.