ಪದ ಬೇಕಿತ್ತು: ‘ಆರ್ಬಿಟಲ್’ಗೆ ಕನ್ನಡದಲ್ಲಿ ಏನನ್ನೋಣ? (ಸೋಮವಾರ ಸಂಜೆಯೊಳಗೆ)

ಎಲ್ಲರಿಗೂ ನಮಸ್ಕಾರ,

ಒಂದು ಪದ ತುರ್ತಾಗಿ ಬೇಕಿತ್ತು. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ ಈಗ ಪಿಯುಸಿ ಸೈನ್ಸ್ ಸೇರಿದ ಮಕ್ಕಳಿಗೆ ಸಂಜೆ ಹೊತ್ತು ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಅವರು ಕೂರುವ ಕೋಣೆಯ ಗೋಡೆಗೆ ಆರು ಅಡಿ ಅಗಲದ ಫ್ಲೆಕ್ಸ್ ಮಾಡಿಸುತ್ತಿದ್ದೇವೆ. ಮೇಲೆ ಆವರ್ತಕ ಕೋಷ್ಟಕ, ಕೆಳಗೆ ಇಲೆಕ್ಟ್ರಾನ್ ವಿನ್ಯಾಸದ ನಿಯಮಗಳು. 118 ಮೂಲವಸ್ತುಗಳೂ ತಮ್ಮ ತಮ್ಮ ಮನೆಯಲ್ಲಿ ಕೂತಿವೆ. ಕೆಲಸ ನಿಂತಿರುವುದು ಕೆಳಗಿನ ಐದು ಸಾಲಿಗೆ. ಪ್ರಿಂಟಿನವರು ಸೋಮವಾರ ಸಂಜೆವರೆಗೆ ಟೈಮ್ ಕೊಟ್ಟಿದ್ದಾರೆ.

ತೊಂದರೆ ಏನಂದರೆ, ‘ಆರ್ಬಿಟ್’ಗೆ, ಅಂದರೆ ಸುತ್ತುವ ದಾರಿಗೆ, ಕಕ್ಷೆ ಅನ್ನುತ್ತೇವೆ. ‘ಶೆಲ್’ಗೆ ಕವಚ ಅಂತ ಇದ್ದರೂ ಪಾಠ ಮಾಡುವಾಗ ಬಾಯಿಗೆ ಬರುವುದು ಕಕ್ಷೆಯೇ. ನನ್ನ ಹಳೆಯ ನೋಟ್ಸ್‌ನಲ್ಲಿ ‘ಆರ್ಬಿಟಲ್’ (ಪರಮಾಣುವಿನಲ್ಲಿ ಇಲೆಕ್ಟ್ರಾನ್ ಸಿಗುವ ಸಾಧ್ಯತೆ ಹೆಚ್ಚಿರುವ ಜಾಗ) ಕೂಡ ಕಕ್ಷೆ ಅಂತಲೇ ಇದೆ. ಹಾಗಾಗಿ ಒಂದೇ ಪುಟದಲ್ಲಿ ಈ ಎರಡು ವಾಕ್ಯ ಬಂದಿವೆ:

‘ಮೂರನೇ ಕಕ್ಷೆಯಲ್ಲಿ ಹೆಚ್ಚೆಂದರೆ 18 ಇಲೆಕ್ಟ್ರಾನ್ ಇರಬಹುದು.’
‘ಒಂದು ಕಕ್ಷೆಯಲ್ಲಿ ಹೆಚ್ಚೆಂದರೆ 2 ಇಲೆಕ್ಟ್ರಾನ್ ಇರಬಹುದು.’

ಮೊದಲನೆಯದು ಕವಚದ ಮಾತು. 2, 8, 18, 32ರ ಲೆಕ್ಕ. ಎರಡನೆಯದು ಆರ್ಬಿಟಲ್‌ನ ಮಾತು. ಭೌತವಿಜ್ಞಾನಿ ಪೌಲಿ 1925ರಲ್ಲಿ ಹೇಳಿದ ನಿಯಮದಿಂದ ಬಂದದ್ದು. ಎರಡೂ ಸರಿ. ಆದರೆ ಓದುವ ಮಗುವಿಗೆ ಹೇಗೆ ಗೊತ್ತಾಗಬೇಕು?

ಹೋದ ವಾರ ಒಬ್ಬ ಹುಡುಗಿ ನಿಯಾನ್ ಪರಮಾಣು ಬರೆದು ತಂದಳು. ನಡುವೆ ನ್ಯೂಕ್ಲಿಯಸ್, ಸುತ್ತ ಒಂದರ ಹೊರಗೊಂದು ಐದು ವೃತ್ತ. ಕೈವಾರದಲ್ಲಿ ಅಚ್ಚುಕಟ್ಟಾಗಿ ಎಳೆದಿದ್ದಳು. ಪ್ರತಿ ವೃತ್ತದ ಮೇಲೂ ಎರಡೆರಡು ಚುಕ್ಕಿ. ಒಟ್ಟು ಹತ್ತು. ‘ಒಂದು ಕಕ್ಷೆಗೆ ಎರಡೇ ಅಂತ ನೀವೇ ಬರೆಸಿದ್ರಲ್ವಾ ಮಿಸ್?’ ಅಂದಳು. ಅವಳ ಲೆಕ್ಕದಲ್ಲಿ ತಪ್ಪೇ ಇಲ್ಲ. ನಿಯಾನ್‌ಗೆ ಇರುವುದು ಐದೇ ಆರ್ಬಿಟಲ್: 1ಎಸ್, 2ಎಸ್, ಮೂರು 2ಪಿ. ಆದರೆ ಅವಳ ಚಿತ್ರ ಪೂರ್ತಿ ತಪ್ಪು. ಕವಚ ಎರಡೇ; ಒಳಗೆ 2, ಹೊರಗೆ 8. ಅವಳನ್ನು ದಾರಿ ತಪ್ಪಿಸಿದ್ದು ನನ್ನ ಪದ. ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಕಕ್ಷೆಯ ಜೊತೆ ಕಲಸಿಹೋಗದ, ಫ್ಲೆಕ್ಸ್ ಮೇಲೆ ದೊಡ್ಡದಾಗಿ ಹಾಕಬಹುದಾದ ಒಂದು ಪದ ಹೇಳಿ.

— ಶಿವಮೊಗ್ಗದಿಂದ

* * *

ಮೇಡಂ,

ಕಕ್ಷಕ. ಹಿಂದಿ ಪಠ್ಯಗಳಲ್ಲಿ ಎಷ್ಟೋ ವರ್ಷದಿಂದ ಇದೆ. ಇಷ್ಟಕ್ಕೆ ಚರ್ಚೆ ಬೇಕಾಗಿರಲಿಲ್ಲ.

ಕಕ್ಷೆ ನಮ್ಮ ಜ್ಯೋತಿಶ್ಶಾಸ್ತ್ರದ ಹಳೆಯ ಪದ. ಗ್ರಹ ಸುತ್ತುವ ದಾರಿಗೆ ಹೇಳುತ್ತಿದ್ದರು. ಅದಕ್ಕೆ ಸ್ವಾರ್ಥದಲ್ಲಿ (ಪದದ ಸ್ವಂತ ಅರ್ಥದಲ್ಲೇ) ‘ಕ’ ಪ್ರತ್ಯಯ ಹತ್ತಿದರೆ ಕಕ್ಷಕ. ಬಾಲ, ಬಾಲಕ ಇದ್ದ ಹಾಗೆ. ಭಾರತದ ಎಲ್ಲ ಭಾಷೆಗೂ ಹೊಂದುತ್ತದೆ. ಮಗು ನಾಳೆ ಎಲ್ಲಿಗೆ ಹೋದರೂ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಮಾತು. ಮೆಂಡೆಲೀವ್ 1869ರಲ್ಲಿ ಕೋಷ್ಟಕ ಮಾಡಿದ ಮೇಲೆ, ಇನ್ನೂ ಸಿಗದ ಮೂಲವಸ್ತುಗಳಿಗೆ ಹೆಸರಿಡಬೇಕಾದಾಗ ಕೈ ಚಾಚಿದ್ದು ಸಂಸ್ಕೃತಕ್ಕೆ: ಏಕ-ಅಲ್ಯುಮಿನಿಯಂ, ಏಕ-ಸಿಲಿಕಾನ್, ಏಕ-ಬೋರಾನ್. ರಷ್ಯಾದವನಿಗೆ ಬೇಕಾದ ಭಾಷೆ ನಮಗೆ ಬೇಡವೇ?

— ಮೈಸೂರಿನಿಂದ

* * *

ಸರ್, ನಿಮ್ಮ ವ್ಯಾಕರಣವನ್ನೇ ಹಿಡಿಯೋಣ. ಸ್ವಾರ್ಥದ ‘ಕ’ ಹತ್ತಿದರೆ ಅರ್ಥ ಬದಲಾಗುವುದಿಲ್ಲ. ಬಾಲಕ ಅಂದರೂ ಬಾಲನೇ. ಹಾಗಾದರೆ ಕಕ್ಷಕ ಅಂದರೂ ಕಕ್ಷೆಯೇ ಅಲ್ವಾ? ಮೇಡಂ ಕೇಳಿದ್ದು ಕಕ್ಷೆ ಅಲ್ಲದ ಪದ. ಇನ್ನು ಸುಮ್ನೆ ಕಿವಿಗೆ ಬಿದ್ದರೆ ರಕ್ಷಕ, ಶಿಕ್ಷಕ, ಭಕ್ಷಕ ಇದ್ದ ಹಾಗೆ ‘ಕಕ್ಷೆಯಲ್ಲಿ ಏನೋ ಮಾಡುವವನು’ ಅನಿಸುತ್ತದೆ. ಇಲೆಕ್ಟ್ರಾನಿಗೇ ಆ ಹೆಸರು ಅಂದುಕೊಳ್ಳುವ ಮಕ್ಕಳೇ ಜಾಸ್ತಿ.

ಸಂಸ್ಕೃತದಿಂದ ಕಟ್ಟಿದ ಪದ ತಾನೇ ಸರಿ ಹೇಳುತ್ತದೆ ಅನ್ನುವ ನಂಬಿಕೆ ಬಿಡಿ. ಆಮ್ಲಜನಕ ನೋಡಿ. ಆಮ್ಲವನ್ನು ಹುಟ್ಟಿಸುವುದು ಅಂತ ಫ್ರಾನ್ಸಿನ ವಿಜ್ಞಾನಿ ಲವಾಸಿಯೇ ತಪ್ಪು ತಿಳಿದು ಇಟ್ಟ ಹೆಸರನ್ನು ನಾವು ಅಕ್ಷರಶಃ ಬಿಡಿಸಿ ತಂದೆವು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕ ಇಲ್ಲವೇ ಇಲ್ಲ ಅಂತ ಇಂಗ್ಲೆಂಡಿನ ವಿಜ್ಞಾನಿ ಡೇವಿ 1810ರಲ್ಲೇ ತೋರಿಸಿದ್ದ. ಇಂಗ್ಲಿಷ್ ಮಗುವಿಗೆ ‘ಆಕ್ಸಿಜನ್’ ಬರೀ ಹೆಸರು. ನಮ್ಮ ಮಗುವಿಗೆ ಆ ತಪ್ಪು ಹೆಸರಿನಲ್ಲೇ ಕಣ್ಣಿಗೆ ಕಾಣುತ್ತದೆ.

ನನ್ನ ಪದ: ಸುಳಿದಾಣ. ‘ಅವನು ಈ ಕಡೆ ಸುಳಿಯಲೇ ಇಲ್ಲ’ ಅನ್ನುತ್ತೇವಲ್ಲ, ಆ ಸುಳಿ. ಇಲೆಕ್ಟ್ರಾನ್ ಸುಳಿದಾಡುವ ತಾಣ. ನಿಲ್ದಾಣ, ತಂಗುದಾಣ ಇದ್ದ ಹಾಗೆ. ಅಚ್ಚಗನ್ನಡ. ಹಳ್ಳಿಯ ಮಗುವಿಗೂ ಬಿಡಿಸಿ ಹೇಳಬೇಕಿಲ್ಲ.

— ಹಾಸನದಿಂದ

* * *

ತಾಣ ಅನ್ನುವುದೇ ಸ್ಥಾನದ ತದ್ಭವ. ಅಚ್ಚಗನ್ನಡ ಎಲ್ಲಿಂದ ಬಂತು? ಮೊದಲು ನಿಘಂಟು ನೋಡಿ, ಆಮೇಲೆ ಪದ ಕಟ್ಟಿ.

— ಮೈಸೂರಿನಿಂದ

* * *

ನಮಸ್ಕಾರ. ನಾನು ಕಾಲೇಜಿನಲ್ಲಿ ರಸಾಯನ ವಿಜ್ಞಾನ ಕಲಿಸುತ್ತೇನೆ. ಭಾಷೆಯ ವಿಚಾರದಲ್ಲಿ ನಿಮ್ಮಷ್ಟು ತಿಳಿದವನಲ್ಲ. ಆದರೆ ಈ ಪದ ಯಾತಕ್ಕೆ ನಿಂತಿದೆ ಅಂತ ಹೇಳಬಲ್ಲೆ.

ಬೋರ್ 1913ರಲ್ಲಿ ಇಲೆಕ್ಟ್ರಾನ್ ಗ್ರಹದ ಹಾಗೆ ಗೊತ್ತಾದ ದಾರಿಯಲ್ಲಿ ಸುತ್ತುತ್ತದೆ ಅಂದ. ಅದು ಕಕ್ಷೆ, ಸರಿ. 1926ರಲ್ಲಿ ಶ್ರೋಡಿಂಗರನ ಸಮೀಕರಣ ಬಂದ ಮೇಲೆ ದಾರಿ ಅನ್ನುವುದೇ ಉಳಿಯಲಿಲ್ಲ. ಇಲೆಕ್ಟ್ರಾನ್ ಎಲ್ಲಿ ಸಿಗುವ ಸಾಧ್ಯತೆ ಎಷ್ಟು ಅನ್ನುವುದನ್ನಷ್ಟೇ ಹೇಳಬಹುದು. ಅದಕ್ಕೆ ಹೊಸ ಹೆಸರು ಬೇಕಾಯಿತು. 1932ರಲ್ಲಿ ರಾಬರ್ಟ್ ಮುಲಿಕನ್ ‘ಆರ್ಬಿಟಲ್’ ಅಂತ ಹೆಸರಿಟ್ಟರು. ‘ಆರ್ಬಿಟ್ ಅಲ್ಲ, ಆದಷ್ಟೂ ಅದಕ್ಕೆ ಹತ್ತಿರದ್ದು’ ಅನ್ನುವ ಅರ್ಥದಲ್ಲಿ. ಇಂಗ್ಲಿಷಿನಲ್ಲೂ ಎರಡು ಅಕ್ಷರದ ವ್ಯತ್ಯಾಸ ಅಷ್ಟೇ, ಅಲ್ಲಿಯ ಮಕ್ಕಳೂ ಎಡವುತ್ತಾರೆ.

ಹಾಸನದ ಸರ್, ಸುಳಿದಾಣ ಕಿವಿಗೆ ಹಿತವಾಗಿದೆ. ಆದರೆ ಮಗುವಿಗೆ ಸುಳಿ ಅಂದರೆ ಹೊಳೆಯ ಸುಳಿ, ನೆತ್ತಿಯ ಸುಳಿ. ಗಿರಗಿರ ತಿರುಗುವುದು. ಎಸ್ ಆರ್ಬಿಟಲ್‌ನಲ್ಲಿ ಇಲೆಕ್ಟ್ರಾನಿನ ಕೋನೀಯ ಸಂವೇಗ ಸೊನ್ನೆ. ಅಂದರೆ ಅಲ್ಲಿ ಸುತ್ತುವ ಮಾತೇ ಇಲ್ಲ. ಪಿ ಆರ್ಬಿಟಲ್ ತಗೊಳ್ಳಿ. ನ್ಯೂಕ್ಲಿಯಸ್‌ನ ಆ ಕಡೆ ಒಂದು ಉಬ್ಬು, ಈ ಕಡೆ ಒಂದು ಉಬ್ಬು. ನಡುವಿನ ಸಮತಲದಲ್ಲಿ ಇಲೆಕ್ಟ್ರಾನ್ ಸಿಗುವ ಸಾಧ್ಯತೆ ಸೊನ್ನೆ. ಇದನ್ನು ಯಾವ ದಾರಿಯಿಂದಲೂ ಬರೆಯಲು ಆಗದು. ದಾರಿಯ ನೆರಳು ಬಿದ್ದ ಪದ ಯಾವುದಾದರೂ ಕೊನೆಗೆ ಆ ಹುಡುಗಿಯ ಐದು ವೃತ್ತಕ್ಕೇ ತಂದು ನಿಲ್ಲಿಸುತ್ತದೆ.

‘ಆರ್ಬಿಟಲ್’ ಅಂತಲೇ ಬರೆಯಿರಿ ಮೇಡಂ. ಎಸ್, ಪಿ, ಡಿ, ಎಫ್ ಅಕ್ಷರಗಳನ್ನು ಯಾರಾದರೂ ಅನುವಾದ ಮಾಡಿದ್ದಾರೆಯೇ? ಅವು ರೋಹಿತದ (ಸ್ಪೆಕ್ಟ್ರಮ್) ಗೆರೆಗಳಿಗೆ ಹಿಂದಿನವರು ಇಟ್ಟ ಇಂಗ್ಲಿಷ್ ಹೆಸರುಗಳ ಮೊದಲಕ್ಷರ. ಇವತ್ತು ಅವುಗಳ ಅರ್ಥ ಯಾರಿಗೂ ಬೇಕಿಲ್ಲ, ಗುರುತು ಸಾಕು.

— ಧಾರವಾಡದಿಂದ

* * *

ಹಾಗಾದರೆ ಇಡೀ ಫ್ಲೆಕ್ಸ್ ಇಂಗ್ಲಿಷಿನಲ್ಲೇ ಮಾಡಿಸಿ. ಇವತ್ತು ಆರ್ಬಿಟಲ್, ನಾಳೆ ಎಲಿಮೆಂಟು, ನಾಡಿದ್ದು ಪೀರಿಯಾಡಿಕ್ ಟೇಬಲ್ಲು. ಕನ್ನಡಕ್ಕೆ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನಿಂದ ಕನ್ನಡದಲ್ಲೇ ವಿಜ್ಞಾನದ ಮಾಸಪತ್ರಿಕೆ ತಂದರು. ಆಗ ಕೈಯಲ್ಲಿ ಪದಕೋಶ ಇರಲಿಲ್ಲ. ಪದ ಕಟ್ಟುವ ಕಷ್ಟಕ್ಕೆ ಅವರು ಹೆದರಿದ್ದರೆ ನಾವು ಇವತ್ತು ಇಲ್ಲಿ ಕೂತು ಜಗಳ ಆಡುತ್ತಿರಲಿಲ್ಲ.

— ಮೈಸೂರಿನಿಂದ

* * *

ಪದ ಇದ್ದರೆ ಸಾಲದು, ಎಲ್ಲ ಕಡೆ ಒಂದೇ ಅರ್ಥಕ್ಕೆ ನಿಲ್ಲಬೇಕು ಗುರುಗಳೇ. ಪರಮಾಣು ಅಂದರೆ ಆಟಂ, ಅಣು ಅಂದರೆ ಮಾಲಿಕ್ಯೂಲ್ ಅಂತ ಪಾಠದಲ್ಲಿ ಕಲಿಸುತ್ತೇವೆ. ಪೇಪರ್ ತೆರೆದರೆ ಕೈಗಾ ಅಣುಸ್ಥಾವರ, ಅಣುಬಾಂಬ್, ಅಣುಶಕ್ತಿ. ಅಲ್ಲಿ ಒಡೆಯುವುದು ಮಾಲಿಕ್ಯೂಲೇ? ಎರಡೂ ನಿಮ್ಮ ಸಂಸ್ಕೃತ ಪದಗಳೇ, ಆದರೂ ಗೊಂದಲ ತಪ್ಪಲಿಲ್ಲ.

ಇನ್ನು ಮೆಂಡೆಲೀವನ ‘ಏಕ’. 1875ರಲ್ಲಿ ಏಕ-ಅಲ್ಯುಮಿನಿಯಂ ನಿಜಕ್ಕೂ ಸಿಕ್ಕಿತು, ಗ್ಯಾಲಿಯಂ ಆಯಿತು. 1886ರಲ್ಲಿ ಏಕ-ಸಿಲಿಕಾನ್ ಜರ್ಮೇನಿಯಂ ಆಯಿತು. ಸಾಲದ ಪದ ಕೆಲಸ ಮುಗಿಸಿ ಹೋಯಿತು. ಆ ಸಾಲವನ್ನು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಸಂಸ್ಕೃತದಿಂದ ತಂದರೆ ಅದು ನಮ್ಮದು, ಇಂಗ್ಲಿಷಿನಿಂದ ತಂದರೆ ಸಾಲ ಅನ್ನುವ ಲೆಕ್ಕ ಯಾವುದು? ಸಂಡೂರಿನ ಗಣಿಯಲ್ಲಿ ದುಡಿದವರು ಮ್ಯಾಂಗನೀಸ್ ಅಂತಲೇ ಅನ್ನುತ್ತಾರೆ. ಅವರ ಬಾಯಲ್ಲಿ ಅದು ಕನ್ನಡ.

ಸುಳಿಯ ವಿಚಾರದಲ್ಲಿ ಧಾರವಾಡದ ಸರ್ ಹೇಳಿದ್ದು ಸರಿ. ಒಪ್ಪಿದೆ. ನನ್ನ ಪದ ವಾಪಸ್.

— ಹಾಸನದಿಂದ

* * *

ಎಲ್ಲರಿಗೂ,

ಪ್ರೂಫ್ ಕಳಿಸಿ ಬಂದೆ. ಕಳಿಸುವ ಮೊದಲು ಒಂದು ಕೆಲಸ ಮಾಡಿದೆ. ಕಕ್ಷಕ, ಸುಳಿದಾಣ, ಆರ್ಬಿಟಲ್ ಮೂರನ್ನೂ ಬೋರ್ಡಿನ ಮೇಲೆ ಬರೆದು, ಏನೂ ವಿವರಿಸದೆ, ‘ಇದರ ಚಿತ್ರ ಬರೀರಿ’ ಅಂದೆ. ಕಕ್ಷಕಕ್ಕೆ ಎಲ್ಲರೂ ವೃತ್ತ ಎಳೆದರು. ಸುಳಿದಾಣಕ್ಕೆ ಇಬ್ಬರು ಬಸವನಹುಳುವಿನ ಚಿಪ್ಪಿನ ಹಾಗೆ ಗೆರೆ ಸುತ್ತಿದರು. ಆರ್ಬಿಟಲ್ ಅಂದಾಗ ಪೆನ್ಸಿಲ್ ಹಿಡಿದುಕೊಂಡು ನನ್ನ ಮುಖ ನೋಡಿದರು. ‘ಹಂಗಂದ್ರೆ ಏನ್ ಮಿಸ್?’ ಅಂತ ಕೇಳಿದ್ದು ಅದೇ ಐದು ವೃತ್ತದ ಹುಡುಗಿ. ನನಗೆ ಬೇಕಾಗಿದ್ದು ಆ ಪ್ರಶ್ನೆಯೇ. ಗೊತ್ತಿದೆ ಅಂದುಕೊಂಡು ಮುಂದೆ ಹೋಗುವ ಪದಕ್ಕಿಂತ, ನಿಲ್ಲಿಸಿ ಕೇಳುವ ಹಾಗೆ ಮಾಡುವ ಪದ ಇಲ್ಲಿಗೆ ಒಳ್ಳೆಯದು ಅನಿಸಿತು.

ಮೈಸೂರಿನ ಗುರುಗಳೇ, ಬೇಜಾರು ಮಾಡಿಕೊಳ್ಳಬೇಡಿ. ಎಲ್ಲವನ್ನೂ ಇಂಗ್ಲಿಷಿಗೆ ಬಿಟ್ಟಿಲ್ಲ. ಕಬ್ಬಿಣ, ತಾಮ್ರ, ತವರ, ಸತು, ಸೀಸ, ಗಂಧಕ, ಪಾದರಸ, ಇಂಗಾಲ ಎಲ್ಲ ಹಾಗೇ ಇವೆ. ಮೂಲವಸ್ತು ಇದೆ, ಆವರ್ತ ಇದೆ, ಗುಂಪು ಇದೆ. ಕಕ್ಷೆಯೂ ಇದೆ, ಬೋರ್‌ನ ಚಿತ್ರದ ಕೆಳಗೆ, ಅದು ನಿಜವಾಗಿ ಸಲ್ಲುವ ಜಾಗದಲ್ಲಿ. ಕೊನೆಗೆ ನಿಂತ ಸಾಲುಗಳು ಇವು:

‘ಇಲೆಕ್ಟ್ರಾನ್‌ಗಳು ಕವಚಗಳಲ್ಲಿ ಇರುತ್ತವೆ. ಮೊದಲ ಕವಚದಲ್ಲಿ ಹೆಚ್ಚೆಂದರೆ 2, ಎರಡನೆಯದರಲ್ಲಿ 8, ಮೂರನೆಯದರಲ್ಲಿ 18, ನಾಲ್ಕನೆಯದರಲ್ಲಿ 32.
ಕವಚದೊಳಗೆ ಉಪಕವಚಗಳಿವೆ: ಮೊದಲನೆಯದರಲ್ಲಿ ಎಸ್ ಮಾತ್ರ, ಎರಡನೆಯದರಲ್ಲಿ ಎಸ್, ಪಿ; ಮೂರನೆಯದರಲ್ಲಿ ಎಸ್, ಪಿ, ಡಿ; ನಾಲ್ಕನೆಯದರಲ್ಲಿ ಎಸ್, ಪಿ, ಡಿ, ಎಫ್.
ಉಪಕವಚದೊಳಗೆ ಆರ್ಬಿಟಲ್‌ಗಳಿವೆ: ಎಸ್‌ನಲ್ಲಿ 1, ಪಿಯಲ್ಲಿ 3, ಡಿಯಲ್ಲಿ 5, ಎಫ್‌ನಲ್ಲಿ 7.
ಆರ್ಬಿಟಲ್ ದಾರಿಯಲ್ಲ. ಇಲೆಕ್ಟ್ರಾನ್ ಸಿಗುವ ಸಾಧ್ಯತೆ ಹೆಚ್ಚಿರುವ ಜಾಗ.
ಒಂದು ಆರ್ಬಿಟಲ್‌ನಲ್ಲಿ ಹೆಚ್ಚೆಂದರೆ 2 ಇಲೆಕ್ಟ್ರಾನ್.’

ಧಾರವಾಡದ ಸರ್, ‘ಸಿಗುವ ಸಾಧ್ಯತೆ ಹೆಚ್ಚಿರುವ ಜಾಗ’ ಅನ್ನುವುದು ಪೂರ್ತಿ ಕರಾರುವಾಕ್ಕು ಅಲ್ಲ ಅಂತ ಗೊತ್ತು. ಪಿಯುಸಿ ಮೊದಲ ವರ್ಷಕ್ಕೆ ಅಷ್ಟು ಸಾಕು ಅಂದುಕೊಂಡೆ. ತಪ್ಪು ಅನಿಸಿದರೆ ಇವತ್ತೇ ಹೇಳಿ, ನಾಳೆ ಬೆಳಿಗ್ಗೆ ಹತ್ತಕ್ಕೆ ಮಷೀನಿಗೆ ಹಾಕುತ್ತಾರೆ.

ಇನ್ನೊಂದು ಪದ ಉಳಿದಿದೆ. 18ನೇ ಗುಂಪಿಗೆ ಜಡಾನಿಲ, ಅಂದರೆ ಬೇರೆ ಯಾವುದರ ಜೊತೆಗೂ ಸೇರದ ಅನಿಲ, ಅಂತ ಹಾಕಿದ್ದೆ. ಆದರೆ 1962ರಲ್ಲೇ ನೀಲ್ ಬಾರ್ಟ್ಲೆಟ್ ಕ್ಸೆನಾನ್‌ನ ಸಂಯುಕ್ತ ಮಾಡಿ ತೋರಿಸಿದರಲ್ಲ, ಜಡ ಅನ್ನುವುದು ನಿಲ್ಲುತ್ತದೆಯೇ? ರಾಜಾನಿಲ ಅಂತಲೂ ನೋಡಿದ್ದೇನೆ. ಆ ಕಾಲಂನ ಮೇಲಿನ ಜಾಗ ಖಾಲಿ ಬಿಟ್ಟು ಕಳಿಸಿದ್ದೇನೆ.

— ಶಿವಮೊಗ್ಗದಿಂದ